ಮದ್ದಲೆಗೊಂದು ವೂಫರ್

ಹಳೆಯ ಟಿ.ವಿ.ಗೆ ಒಂದು ಬೆನ್ನಿತ್ತು. ಸ್ವರ ಹೊರಡುವುದಕ್ಕೆ ಅದರೊಳಗೆ ಜಾಗವಿತ್ತು. ಹೊಸದು ಗೋಡೆಗೆ ತೂಗುಹಾಕಿದ ಕ್ಯಾಲೆಂಡರಿನಷ್ಟು ತೆಳ್ಳಗೆ. ಅದರ ಸ್ಪೀಕರು ಎಲ್ಲಿದೆಯೆಂದು ಹುಡುಕಿದೆ. ಕೆಳಗಿನ ಅಂಚಿನಲ್ಲಿ, ನೆಲದ ಕಡೆ ಮುಖ ಮಾಡಿಕೊಂಡು ಕೂತಿತ್ತು. ಕೊಪ್ಪದ ನಮ್ಮ ಮನೆಗೆ ಅದು ಬಂದು ವಾರವಾಗಿರಲಿಲ್ಲ, ಹೆಂಡತಿ ತಕರಾರು ತೆಗೆದಳು.

“ಚಿತ್ರ ಎಲ್ಲ ಚೆಂದ ಇದೆ. ಮಾತು ಮಾತ್ರ ಎಲ್ಲರೂ ಬಾಯಿಗೆ ಬಟ್ಟೆ ಕಟ್ಕಂಡು ಆಡಿದ ಹಾಗೆ ಕೇಳ್ತದೆ. ಎಂತಾದ್ರೂ ಮಾಡಿ ಮಾರಾಯ್ರೇ.”

ಧಾರಾವಾಹಿಯ ಅತ್ತೆ ಸೊಸೆಗೆ ಏನು ಹೇಳಿದಳು ಎಂಬುದು ನಾನು ತಲೆ ಕೆಡಿಸಿಕೊಳ್ಳುವ ವಿಷಯವಲ್ಲ. ಆದರೂ ಸ್ಪೀಕರ್ ತರುತ್ತೇನೆ ಎಂದು ಕೂಡಲೇ ಒಪ್ಪಿಕೊಂಡೆ. ಸಾಮಾನ್ಯವಾಗಿ ನಾನು ಯಾವುದಕ್ಕೂ ಕೂಡಲೇ ಒಪ್ಪುವ ಗಂಡನಲ್ಲ. ಅವಳಿಗೆ ಅನುಮಾನ ಬಂದಿರಬೇಕು, ಕೇಳಲಿಲ್ಲ.

ನನ್ನ ಕಾರಣ ಬೇರೆಯಿತ್ತು. ಎಂಟು ವರ್ಷದ ಹಿಂದೆ ಶೃಂಗೇರಿ ಹತ್ತಿರದ ಮೆಣಸೆಯಲ್ಲಿ ನಡೆದ ಒಂದು ತಾಳಮದ್ದಲೆಯ ರೆಕಾರ್ಡಿಂಗನ್ನು ಯಾರೋ ಪುಣ್ಯಾತ್ಮರು ಯೂಟ್ಯೂಬಿಗೆ ಹಾಕಿದ್ದರು. ತಾಳಮದ್ದಲೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ತಾಳ ಹಿಡಿದು ಪದ ಹಾಡುತ್ತಾರೆ, ಅರ್ಥಧಾರಿಗಳು ಕೂತಲ್ಲೇ ಮಾತಿನಲ್ಲಿ ಯುದ್ಧ ಮಾಡುತ್ತಾರೆ. ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಡುತ್ತಿದ್ದ ನಾನು ರಜೆಯ ದಿನಗಳಲ್ಲಿ ಇಂಥ ಕೂಟಗಳಿಗೆ ಮದ್ದಲೆ ಬಾರಿಸುತ್ತಿದ್ದೆ. ಇಪ್ಪತ್ತೆರಡು ವರ್ಷ ಬಾರಿಸಿದೆ. ನಮ್ಮ ಕೂಟದ ಭಾಗವತ ಬೇಗಾರಿನವನು, ನನ್ನ ಜೊತೆ ಒಂದೇ ಬೆಂಚಿನಲ್ಲಿ ಓದಿದವನು. ಲೆಕ್ಕದ ಮೇಷ್ಟ್ರ ತಾಳ ತಪ್ಪುವುದುಂಟೇ ಎಂದು ಜನ ತಮಾಷೆ ಮಾಡುತ್ತಿದ್ದರು. ನಾನದನ್ನು ಸರ್ಟಿಫಿಕೇಟು ಎಂದೇ ತಿಳಿದಿದ್ದೆ.

ಮೆಣಸೆಯ ಕೂಟವಾದ ಮುಂದಿನ ತಿಂಗಳು ಬಾಳೆಹೊನ್ನೂರಿನಲ್ಲಿ ಇನ್ನೊಂದಿತ್ತು. ಹೋಗಿ ನೋಡಿದರೆ ನನ್ನ ಜಾಗದಲ್ಲಿ ಬೇರೊಬ್ಬ ಮದ್ದಲೆಯವರು ಶ್ರುತಿ ಮಾಡುತ್ತಾ ಕೂತಿದ್ದಾರೆ. ಭಾಗವತ ನನ್ನ ಹೆಗಲ ಮೇಲೆ ಕೈಯಿಟ್ಟು, “ಇದೊಂದು ಸಲ ನೀನು ಕೂತು ಕೇಳು ಮಾರಾಯ,” ಎಂದ. ನಾನು ಕೂರಲೂ ಇಲ್ಲ, ಕೇಳಲೂ ಇಲ್ಲ. ಮದ್ದಲೆಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ವಾಪಸು ಬಂದೆ. ಆಮೇಲೆ ಅದನ್ನು ಮುಟ್ಟಿಲ್ಲ, ಅವನ ಜೊತೆ ಮಾತಾಡಿಯೂ ಇಲ್ಲ.

ಅವನ ಜೊತೆ ಆಡದ ಮಾತನ್ನು ಉಳಿದವರ ಜೊತೆ ಧಾರಾಳವಾಗಿ ಆಡಿದೆ. ಭಾಗವತನಿಗೆ ವಯಸ್ಸಾಯಿತು, ಸಾಲಿನ ಕೊನೆಯ ಅಕ್ಷರಗಳನ್ನು ನುಂಗುತ್ತಾನೆ, ಪಕ್ಕದಲ್ಲಿ ಕೂತ ಮದ್ದಲೆಯವನಿಗೆ ಅದು ಗೊತ್ತಾಗುತ್ತದಲ್ಲ, ಅದಕ್ಕೇ ನನ್ನನ್ನು ದೂರವಿಟ್ಟ ಎಂದೆ. ನಾವಿಬ್ಬರೂ ಒಂದೇ ವಯಸ್ಸಿನವರು ಎಂದು ಯಾರೂ ನೆನಪಿಸಲಿಲ್ಲ. ಕೊಪ್ಪದಲ್ಲಿ ಆಡಿದ ಇಂಥ ಮಾತು ನರಸಿಂಹರಾಜಪುರ ಮುಟ್ಟುವುದಕ್ಕೆ ಬಸ್ಸು ಬೇಕಾಗಿಲ್ಲ.

ಈಗ ಸಾಕ್ಷಿಯೇ ಸಿಕ್ಕಿತ್ತು. ಹೊಸ ಟಿ.ವಿ.ಯಲ್ಲಿ ಆ ರೆಕಾರ್ಡಿಂಗ್ ಹಾಕಿದೆ. ಯುದ್ಧದ ಪದಗಳು ಬಂದಾಗ ಭಾಗವತ ಅಕ್ಷರ ನುಂಗುವುದು ಚೆನ್ನಾಗಿಯೇ ಕೇಳಿಸಿತು. ಆದರೆ ನನ್ನ ಮದ್ದಲೆ ಇಲ್ಲ. ಬಲಗೈಯ ಪೆಟ್ಟು ಮಾತ್ರ ಯಾರೋ ಚಮಚದಿಂದ ಲೋಟ ಬಡಿದ ಹಾಗೆ ಟಿಕ್ ಟಿಕ್ ಎನ್ನುತ್ತಿತ್ತು. ತಾಳದ ನಡೆ ಹಿಡಿಯುವುದು ಎಡಗೈ. ಅದರ ದಪ್ಪ ಸ್ವರವನ್ನು ಟಿ.ವಿ. ಪೂರ್ತಿ ತಿಂದುಹಾಕಿತ್ತು. ಅದೊಂದು ಕೇಳಿಸಿದರೆ ಸಾಕು, ನಾನು ಕಲ್ಲಿನ ಹಾಗೆ ನಿಂತಿದ್ದೆ, ಎಡವಿದ್ದು ಅವನು ಎಂಬುದು ಯಾರಿಗಾದರೂ ತಿಳಿಯುತ್ತದೆ. ಹಳೆಯ ಕೂಟದ ನಾಲ್ಕು ಜನರನ್ನು ಒಂದು ಭಾನುವಾರ ಕಾಫಿಗೆ ಕರೆದು ಕೇಳಿಸಬೇಕು ಎಂದು ತೀರ್ಮಾನಿಸಿದೆ.

ನರಸಿಂಹರಾಜಪುರದಲ್ಲಿ ಒಬ್ಬರು ಸಾಹೇಬರಿದ್ದಾರೆ. ಮೊದಲು ನಮ್ಮ ಕಡೆಯ ಎಲ್ಲ ಕೂಟಗಳಿಗೂ ಮೈಕ್ ಸೆಟ್ ಅವರದ್ದೇ. ಈಗ ಟಿ.ವಿ., ಸ್ಪೀಕರ್ ಮಾರುವ ಅಂಗಡಿ ಇಟ್ಟಿದ್ದಾರೆ. ಕಿವಿಯಿದ್ದವರಲ್ಲಿ ಕೇಳೋಣ ಎಂದು ಅಲ್ಲಿಗೇ ಹೋದೆ. ಶುಕ್ರವಾರವಾಗಿತ್ತು, ಅವರು ನಮಾಜು ಮುಗಿಸಿ ಬರುವವರೆಗೆ ಮೆಟ್ಟಿಲ ಮೇಲೆ ಕಾದೆ. ಬಂದವರೇ ಕೈಹಿಡಿದು ಒಳಗೆ ಕರೆದುಕೊಂಡು ಹೋದರು.

ಮೊದಲು ಐದು ಸ್ಪೀಕರಿನ ಸೆಟ್ ತೋರಿಸಿದರು. ಹೆಲಿಕಾಪ್ಟರೊಂದು ನನ್ನ ಬೆನ್ನ ಹಿಂದಿನಿಂದ ಹಾರಿ ಎದುರಿನ ಗೋಡೆಯೊಳಗೆ ಇಳಿಯಿತು. ನಮ್ಮ ಹಾಲಿಗೆ ನಾಲ್ಕು ಬಾಗಿಲು. ಹಿಂದಿನ ಡಬ್ಬಗಳಲ್ಲಿ ಒಂದು ದೇವರ ಕೋಣೆಗೆ ಅಡ್ಡವಾಗುತ್ತದೆ, ಇನ್ನೊಂದು ಅಡುಗೆಮನೆಗೆ. ಅದು ಬೇಡವೆಂದೆ. ಆಮೇಲೆ ಟಿ.ವಿ.ಯ ಕೆಳಗೆ ಇಡುವ ಉದ್ದನೆಯ ಸೌಂಡ್‌ಬಾರುಗಳು ಬಂದವು. ಒಂದು ಬರೀ ಬಾರು, ಇನ್ನೊಂದಕ್ಕೆ ಜೊತೆಯಲ್ಲಿ ವೂಫರ್, ಅಂದರೆ ದಪ್ಪ ಸ್ವರಕ್ಕೇ ಮೀಸಲಾದ ದೊಡ್ಡ ಡಬ್ಬ. ನಾನು ವೂಫರಿನ ಮೇಲೆ ಕೈಯಿಟ್ಟೆ.

“ಅದು ನಿಮಗೆ ಬೇಡ ಮೇಷ್ಟ್ರೇ. ವಾರ್ತೆಗೆ, ಧಾರಾವಾಹಿಗೆ ಮಾತು ಸ್ಪಷ್ಟ ಕೇಳಿದ್ರೆ ಸಾಕಲ್ಲ? ಬರೀ ಬಾರ್ ತಗೊಳ್ಳಿ.”

“ನಂಗೆ ಮದ್ದಲೆ ಕೇಳ್ಬೇಕು. ಮೆಣಸೆಯ ರೆಕಾರ್ಡಿಂಗ್ ಸಿಕ್ಕಿದೆ.”

ಅವರು ಬರೀ ಬಾರನ್ನೇ ನನ್ನ ಕಡೆ ಸರಿಸಿದರು. “ಹಳೇ ರೆಕಾರ್ಡಿಂಗಿಗೆ ವೂಫರ್ ಹಾಕಿದ್ರೆ ಬರೀ ಗುಂಯ್ ಅಂತದೆ. ನನ್ನ ಮಾತು ಕೇಳಿ.”

ದೊಡ್ಡ ಸಾಮಾನು ಬೇಡವೆಂದು ಗಿರಾಕಿಯನ್ನು ತಡೆಯುವ ವ್ಯಾಪಾರಿಯನ್ನು ನಾನು ಅದೇ ಮೊದಲು ನೋಡಿದ್ದು. ವಯಸ್ಸಾಗಿ ವ್ಯಾಪಾರದ ಚುರುಕು ಹೋಗಿದೆ ಎಂದುಕೊಂಡೆ. ನನಗೆ ಯಾರನ್ನು ನೋಡಿದರೂ ವಯಸ್ಸಾದ ಹಾಗೆ ಕಾಣುತ್ತಿತ್ತು. ಚಹಾ ಕುಡಿದು ಎದ್ದು ಬಂದೆ. ಮಾರನೆಯ ದಿನ ಕೊಪ್ಪದಲ್ಲೇ ಇನ್ನೊಂದು ಅಂಗಡಿಯಲ್ಲಿ ವೂಫರ್ ಇರುವ ಸೆಟ್ಟನ್ನೇ ಕೊಂಡೆ.

ಮೊದಲು ಅದನ್ನು ಮೂಲೆಯಲ್ಲಿಟ್ಟೆ. ಸಾಹೇಬರು ಹೇಳಿದ ಹಾಗೆ ಗುಂಯ್ ಎಂದಿತು, ಷೋಕೇಸಿನ ಗಾಜು ನಡುಗಿತು. ಮೂಲೆಯಿಂದ ಎಳೆದು ಟಿ.ವಿ.ಯ ಪಕ್ಕಕ್ಕೆ ತಂದೆ, ಗೋಡೆಯಿಂದ ಒಂದು ಮೊಳ ಮುಂದಕ್ಕೆ ಸರಿಸಿದೆ. ಗುಂಯ್ ಹೋಯಿತು. ಹೆಂಡತಿ ಬೀನ್ಸ್ ಮುರಿಯುತ್ತಾ ಕೂತಿದ್ದಳು. ಅವಳ ಧಾರಾವಾಹಿಗೆ ಇನ್ನೂ ಹೊತ್ತಿತ್ತು. ನಾನು ಮೆಣಸೆಯ ಕೂಟ ಹಾಕಿ, ಸೀದಾ ಯುದ್ಧದ ಪದಕ್ಕೆ ಹೋದೆ.

ಎಡಗೈ ಕೇಳಿಸಿತು. ಎಂಟು ವರ್ಷದ ನಂತರ ನನ್ನ ಕೈಯ ಸ್ವರ ನನಗೇ ಕೇಳಿಸಿದಾಗ ಸಂತೋಷವಾಯಿತು, ಸುಳ್ಳು ಯಾಕೆ ಹೇಳಲಿ. ಆ ಸಂತೋಷ ಒಂದು ಪದದ ಅರ್ಧದವರೆಗೆ ಇತ್ತು. ಅಲ್ಲಿಂದ ಎಡಗೈ ಓಡತೊಡಗಿತು. ಅವನ ತಾಳ ಒಂದು ಕಡೆ, ನನ್ನ ಪೆಟ್ಟು ಅದಕ್ಕಿಂತ ಕೂದಲೆಳೆಯಷ್ಟು ಮುಂದೆ. ಮುಂದಿನ ಸಾಲಿನಲ್ಲಿ ಇನ್ನಷ್ಟು ಮುಂದೆ. ಸಾಲಿನ ಕೊನೆಗೆ ಬರುವಾಗ ಅವನಿಗೆ ಜಾಗವೇ ಉಳಿದಿರಲಿಲ್ಲ. ಅವನು ಕೊನೆಯ ಎರಡು ಅಕ್ಷರ ಬಿಟ್ಟು, ತಾಳವನ್ನೂ ಎಳೆದುಕೊಂಡು, ನಾನಿದ್ದಲ್ಲಿಗೆ ಬಂದು ಸೇರುತ್ತಿದ್ದ. ಮತ್ತೆ ಮುಂದಿನ ಸಾಲಿನಲ್ಲಿ ನಿಧಾನಕ್ಕೆ ನನ್ನನ್ನು ಹಿಂದಕ್ಕೆ ಎಳೆಯುತ್ತಿದ್ದ. ನಾನು ಮತ್ತೆ ಓಡುತ್ತಿದ್ದೆ. ಐದು ಪದ ಕೇಳಿದೆ. ಐದರಲ್ಲೂ ಹಾಗೇ. ಅಕ್ಷರ ನುಂಗಿದ್ದು ನಾನು ಓಡಿದಲ್ಲಿ ಮಾತ್ರ. ನಿಧಾನದ ಪದಗಳಲ್ಲಿ ಅವನು ಒಂದಕ್ಷರವನ್ನೂ ಬಿಟ್ಟಿರಲಿಲ್ಲ.

ತಾಳದ ಗಂಧಗಾಳಿಯಿಲ್ಲದ ಹೆಂಡತಿ ಬೀನ್ಸಿನಿಂದ ತಲೆಯೆತ್ತದೆ ಹೇಳಿದಳು.

“ಅದೆಂತಕ್ಕೆ ನೀವು ಅಷ್ಟು ಗಡಿಬಿಡಿ ಮಾಡೋದು? ಪಾಪ, ಅವ್ರು ಓಡಿ ಓಡಿ ಬರ್ತಿದಾರೆ.”

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂಬ ಗಾದೆಯನ್ನು ಕ್ಲಾಸಿನಲ್ಲಿ ಲೆಕ್ಕ ತಪ್ಪಿ ಪೆನ್ನನ್ನು ದೂರಿದ ಮಕ್ಕಳಿಗೆ ಎಷ್ಟೋ ಸಲ ಹೇಳಿದ್ದೇನೆ. ನಾಚಿಕೆಯಾಯಿತು. ಸಿಟ್ಟೂ ಬಂತು, ಯಾರ ಮೇಲೆಂದು ತಿಳಿಯದೆ ಸಾಹೇಬರಿಗೆ ಫೋನು ಮಾಡಿದೆ.

“ನಿಮಗೆ ಗೊತ್ತಿತ್ತು ಅಲ್ವಾ?”

“ಅದಕ್ಕೇ ವೂಫರ್ ಬೇಡ ಅಂದಿದ್ದು ಮೇಷ್ಟ್ರೇ,” ಎಂದರು. “ಅಷ್ಟು ವರ್ಷ ಮೈಕ್ ಸೆಟ್ಟಿನ ಮಿಕ್ಸರ್ ಹಿಂದೆ ಕೂತವ ನಾನು. ಯುದ್ಧದ ಪದ ಬಂದ ಕೂಡ್ಲೇ ಭಾಗವತ್ರು ನನ್ನ ಕಡೆ ನೋಡ್ತಿದ್ರು. ನಾನು ನಿಮ್ಮ ಮೈಕ್ ಸ್ವಲ್ಪ ಇಳಿಸ್ತಿದ್ದೆ. ಜನಕ್ಕೆ ಗೊತ್ತಾಗ್ಬಾರ್ದು ಅಂತ.”

ಭಾನುವಾರ ಯಾರನ್ನೂ ಕಾಫಿಗೆ ಕರೆಯಲಿಲ್ಲ. ಬೆಳಗಿನ ಬಸ್ಸಿಗೆ ಶೃಂಗೇರಿಗೆ ಹೋಗಿ, ಅಲ್ಲಿಂದ ಬೇಗಾರಿಗೆ ಹೋದೆ. ಹೋಗುವುದು ಬೇಡ ಎಂದು ದಾರಿಯಲ್ಲಿ ಎರಡು ಸಲ ಅನ್ನಿಸಿತು. ಭಾಗವತ ಅಂಗಳದಲ್ಲಿ ಕಾಳುಮೆಣಸು ಹರಡುತ್ತಿದ್ದ. ನನ್ನನ್ನು ನೋಡಿ ಬೆನ್ನು ನೆಟ್ಟಗೆ ಮಾಡಿಕೊಂಡ. ಮೊನ್ನೆ ತಾನೇ ಬಂದು ಹೋದವನಿಗೆ ಹೇಳಿದ ಹಾಗೆ, “ಬಾ, ಕೂತ್ಕ,” ಎಂದ.

ನಾನು ಕೂರಲಿಲ್ಲ. ಕೂತರೆ ಊರ ಸುದ್ದಿ ಶುರುವಾಗುತ್ತದೆ, ಹೇಳಬೇಕಾದ್ದು ಉಳಿದುಬಿಡುತ್ತದೆ.

“ಮೆಣಸೆದು ರೆಕಾರ್ಡಿಂಗ್ ಕೇಳಿದೆ. ಓಡಿದ್ದು ನಾನು. ನೀನು ಪದ ನುಂಗ್ತೀಯ ಅಂತ ಊರೆಲ್ಲ ಹೇಳ್ಕಂಡು ಬಂದವನೂ ನಾನೇ. ತಪ್ಪಾಯ್ತು.”

“ಗೊತ್ತು,” ಎಂದ. ಯಾವುದು ಗೊತ್ತು ಎಂದು ಹೇಳಲಿಲ್ಲ. ಎರಡೂ ಇರಬೇಕು.

“ಈಗ ಎಲ್ಲೆಲ್ಲಿ ಹಾಡ್ತಿದೀಯ?”

“ಎಲ್ಲೂ ಇಲ್ಲ. ಶನಿವಾರ ಭಜನೆಗೆ ಹೋಗ್ತೇನೆ. ಅಕ್ಷರ ನುಂಗೋ ಭಾಗವತನ್ನ ಕೂಟಕ್ಕೆ ಯಾರು ಕರೀತಾರೆ?”

ಅವನ ಸ್ವರದಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ತಪ್ಪು ನನ್ನದು ಎಂದು ಒಪ್ಪಿಕೊಂಡ ಮೇಲೂ ನನ್ನೊಳಗಿನ ಮೇಷ್ಟ್ರು ಸತ್ತಿರಲಿಲ್ಲ. ಭಾಗವತನದೂ ಒಂದಿಷ್ಟು ತಪ್ಪಿರಲಿ ಎಂದು ಹುಡುಕುತ್ತಿದ್ದರು.

“ಒಂದು ಸಲ ಹೇಳ್ಬಹುದಿತ್ತಲ್ಲ ಮಾರಾಯ, ನಿನ್ನ ಕೈ ಓಡ್ತದೆ ಅಂತ. ಇಪ್ಪತ್ತೆರಡು ವರ್ಷ ಪಕ್ಕದಲ್ಲೇ ಕೂತಿದ್ದೆ.”

ಅವನು ಕೈಗೆ ಅಂಟಿದ ಮೆಣಸಿನ ಕಾಳುಗಳನ್ನು ಒಂದೊಂದಾಗಿ ಬಿಡಿಸಿ ಕೆಳಗೆ ಹಾಕಿದ. ಆಮೇಲೆ ನನ್ನ ಮುಖ ನೋಡಿದ.

“ಹೇಳಿದ್ರೆ ನೀನು ಬಾರಿಸೋದೇ ಬಿಡ್ತೀಯ ಅಂತ ಹೆದರಿದ್ದೆ ಮಾರಾಯ. ಹೇಳ್ದೆ ಇದ್ರೂ ನೀನು ಬಿಟ್ಟೆ.”