ಗೋಡೆ ಏಳದ ಮನೆಗೆ ದೀಪ

ಮೈಸೂರಿನ ಹೊಸ ಬಡಾವಣೆಗಳಲ್ಲಿ ತಲೆಯೆತ್ತಿ ನಡೆಯುವ ಅಭ್ಯಾಸ ನಿಮಗಿದ್ದರೆ ಒಂದು ಸಂಗತಿ ಕಣ್ಣಿಗೆ ಬಿದ್ದೇ ಇರುತ್ತದೆ: ಇಲ್ಲಿ ಯಾರ ಮನೆಯೂ ಪೂರ್ತಿ ಮುಗಿದಿಲ್ಲ. ಬಣ್ಣ ಬಳಿದು, ಗೇಟಿಗೆ ಹೆಸರು ಬರೆಸಿ, ಹತ್ತಾರು ವರ್ಷ ಸಂಸಾರ ಮಾಡಿದ ಮನೆಯ ತಾರಸಿಯ ಮೇಲೂ ಮೂಲೆಗೊಂದು ಹಿಡಿ ಕಬ್ಬಿಣದ ಸರಳುಗಳು ಆಕಾಶಕ್ಕೆ ಮುಖಮಾಡಿ ನಿಂತಿರುತ್ತವೆ. ಮುಂದೆಂದಾದರೂ ಇನ್ನೊಂದು ಮಹಡಿ ಎಬ್ಬಿಸುವುದಾದರೆ ಇರಲಿ ಎಂದು ಬಿಟ್ಟವು. ತುಕ್ಕು ಹಿಡಿಯದಿರಲೆಂದು ಕೆಲವರು ಅವುಗಳಿಗೆ ಪ್ಲಾಸ್ಟಿಕ್ ಬಾಟಲಿಯ ಟೊಪ್ಪಿಗೆ ತೊಡಿಸುತ್ತಾರೆ. ಕೆಲವರು ಹಗ್ಗ ಕಟ್ಟಿ ಬಟ್ಟೆ ಒಣಹಾಕುತ್ತಾರೆ. ನಾನು ಅಂಥದೊಂದು ಸರಳಿಗೆ ಲಾಟೀನು ತೂಗುಹಾಕಿದೆ. ಅದು ಎಂಥ ಅಚಾತುರ್ಯವಾಯಿತೆಂಬುದನ್ನು ಹೇಳಿಬಿಡುವುದು ಒಳ್ಳೆಯದು.

ಮೂರು ದಶಕ ಹೆಣ್ಣುಮಕ್ಕಳ ಹಾಸ್ಟೆಲಿನ ವಾರ್ಡನ್ ಆಗಿದ್ದವಳು ನಾನು. ಐದಕ್ಕೆ ಗಂಟೆ, ಏಳಕ್ಕೆ ತಿಂಡಿ, ಸಂಜೆ ಆರೂಮುಕ್ಕಾಲಿಗೆ ಹಾಜರಿ. ನಿವೃತ್ತಳಾದ ಮೇಲೆ ಗಂಟೆ ಬಾರಿಸುವ ಅಧಿಕಾರ ಹೋಯಿತೇ ಹೊರತು ಗಂಟೆ ಹೋಗಲಿಲ್ಲ; ಅದು ನನ್ನೊಳಗೇ ಬಾರಿಸಿಕೊಳ್ಳುತ್ತಿದೆ. ಕಾಗದದ ಮೇಲೆ ತಾರೀಕು ಬರೆದ ಮನುಷ್ಯ ಆ ತಾರೀಕಿಗೆ ಕಟ್ಟುಬೀಳುತ್ತಾನೆ ಎಂಬ ನಂಬಿಕೆ ನನ್ನದು. ಹೀಗಾಗಿ ಶ್ರೀರಾಂಪುರದ ಅಂಚಿನಲ್ಲಿ ಏಳುತ್ತಿದ್ದ ಅಪಾರ್ಟ್‌ಮೆಂಟಿನ ಮೂರನೆಯ ಮಹಡಿಯಲ್ಲಿ ಮನೆ ಕಾದಿರಿಸಿದಾಗ, ಕರಾರುಪತ್ರದಲ್ಲಿ ಮನೆ ಬಿಟ್ಟುಕೊಡುವ ದಿನವನ್ನು ನೋಡಿ, ಅದರ ಮುಂದಿನ ಶುಭಮುಹೂರ್ತಕ್ಕೆ ಗೃಹಪ್ರವೇಶದ ಆಮಂತ್ರಣ ಅಚ್ಚುಹಾಕಿಸಿ, ಎಂಟು ವಾರ ಮೊದಲೇ ಹಂಚಿಬಿಟ್ಟೆ. ಜೊತೆಗಿರುವ ತಂಗಿ ಶಾರದೆ, "ಅಕ್ಕ, ಒಂದ್ಸಲ ಹೋಗಿ ನೋಡ್ಕೊಂಡು ಬರೋಣ್ವಾ?" ಎಂದಳು. ಬರೆದುಕೊಟ್ಟಿದ್ದಾರಲ್ಲ, ಹೋಗಿ ಪೀಡಿಸುವುದು ಸಭ್ಯತೆಯಲ್ಲ ಎಂದೆ.

ಮುಹೂರ್ತ ಹತ್ತಿರವಾದ ಮೇಲೆ ಹೋಗಿ ನೋಡಿದಾಗ ಕಂಬಗಳಿದ್ದವು, ಚಾವಣಿಗಳಿದ್ದವು, ಮೆಟ್ಟಿಲುಗಳಿದ್ದವು. ಗೋಡೆಗಳಿರಲಿಲ್ಲ. ಕೆಲಸ ನಿಂತು ಐದು ತಿಂಗಳಾಗಿತ್ತು. ಕಟ್ಟಿಸುವ ಕಂಪನಿಯ ಪಾಲುದಾರರಲ್ಲಿ ಜಗಳವೆಂದು ಒಬ್ಬರು, ಮಂಜೂರಾತಿಯ ತೊಡಕೆಂದು ಇನ್ನೊಬ್ಬರು ಹೇಳಿದರು. ಆದರೆ ಆಮಂತ್ರಣ ಹೋಗಿತ್ತು, ಅಡುಗೆಯವರು ಗೊತ್ತಾಗಿದ್ದರು, ಮುಹೂರ್ತವೂ ಅಪರೂಪದ್ದೆಂದು ಪುರೋಹಿತರು ಹೇಳಿದ್ದರು. ತಾರೀಕು ತಪ್ಪಿಸಿ ನನಗೆ ಗೊತ್ತಿಲ್ಲ. ಬಡಗಿಯಿಂದ ಬಾಗಿಲಿನ ಚೌಕಟ್ಟೊಂದನ್ನು ತರಿಸಿ ನಿಲ್ಲಿಸಿದೆವು. ಅದು ಬೀಳದಂತೆ ಇಬ್ಬರು ಸೋದರಸಂಬಂಧಿಗಳು ಎರಡೂ ಕಡೆ ಹಿಡಿದುಕೊಂಡರು, ಪೂಜೆ ಮುಗಿಯುವತನಕ ದ್ವಾರಪಾಲಕರ ಹಾಗೆ. ಸುತ್ತಲೂ ಬಯಲಿದ್ದರೂ ಬಂದವರೆಲ್ಲ ಸರತಿಯಲ್ಲಿ ಆ ಚೌಕಟ್ಟಿನಿಂದಲೇ ಬಲಗಾಲಿಟ್ಟು ಒಳಗೆ ಬಂದದ್ದನ್ನು ನೆನೆದರೆ ನನಗೆ ಈಗಲೂ ಬಂಧುಗಳ ಮೇಲೆ ಗೌರವ ಹುಟ್ಟುತ್ತದೆ. ನಾಲ್ಕು ಕಡೆಯಿಂದ ಬೀಸುವ ಗಾಳಿಯಲ್ಲಿ ಹಾಲು ಉಕ್ಕಲು ಮುಕ್ಕಾಲು ಗಂಟೆ ಹಿಡಿಯಿತು. ಉಕ್ಕಿತು.

ಹೊರಡುವಾಗ ಪುರೋಹಿತರು ಒಂದು ಮಾತು ಹೇಳಿದರು: "ಹಾಲುಕ್ಕಿಸಿದ ಮನೇನ ಕತ್ತಲಲ್ಲಿ ಬಿಡಬಾರದು, ತಾಯಿ. ಸಂಜೆ ಒಂದು ದೀಪ ಇಡಿ." ಅವರು ಅಭ್ಯಾಸಬಲದಿಂದ ಹೇಳಿದರು. ನಾನು ಅಭ್ಯಾಸಬಲದಿಂದ ಪಾಲಿಸತೊಡಗಿದೆ.

ನಮ್ಮ ಬಾಡಿಗೆ ಮನೆ ಅಲ್ಲಿಂದ ಎರಡು ಅಡ್ಡರಸ್ತೆ ಆಚೆ. ಸಂಜೆ ಆರೂಕಾಲಿಗೆ ಹೊರಟು, ಕಾವಲುಗಾರ ಸಿದ್ದಪ್ಪನಿಗೆ ನಮಸ್ಕಾರ ಹೇಳಿ, ಹಿಡಿಕಂಬಿಯಿಲ್ಲದ ಮೆಟ್ಟಿಲನ್ನು ಒಳಬದಿಗೆ ಒತ್ತಿಕೊಂಡು ಹತ್ತಿ, ಒಳಮೂಲೆಯಲ್ಲಿ ಇಟ್ಟಿಗೆಯ ಮರೆಗೆ ಹಣತೆ ಹಚ್ಚಿಟ್ಟು ಬರುವುದು ನನ್ನ ದಿನಚರಿಗೆ ಸೇರಿತು. ಸಿದ್ದಪ್ಪ, "ಮನೇವ್ರು ಬಂದ್ರು ಕಣಪ್ಪ" ಎಂದು ತನ್ನ ನಾಯಿಗೆ ತಿಳಿಸುತ್ತಿದ್ದ.

ನಿಂತ ಕಟ್ಟಡವೂ ಊರಿನ ಪಾಲಿಗೆ ಒಂದು ಕಟ್ಟಡವೇ. ನಾನು ಹುಟ್ಟಿಬೆಳೆದ ಮಂಡಿ ಮೊಹಲ್ಲಾದಲ್ಲಿ ಹಳೆಯ ಅಂಗಡಿಸಾಲೊಂದನ್ನು ಕೆಡವಿ, ಹೊಸ ಸಂಕೀರ್ಣ ಬರುತ್ತದೆಂದು ಸುತ್ತ ತಗಡಿನ ಬೇಲಿ ಹಾಕಿದರು. ಸಂಕೀರ್ಣ ಬರಲಿಲ್ಲ, ಬೇಲಿ ಉಳಿಯಿತು. ಈಗ ಆಟೋದವರು "ತಗಡಿನ ಹತ್ರಾನಾ?" ಎಂದು ಕೇಳುತ್ತಾರೆ. ಅದಕ್ಕೆ ಒರಗಿಸಿಟ್ಟ ಚಪ್ಪಲಿ ಹೊಲಿಯುವವನ ಪೆಟ್ಟಿಗೆ, ನಿಂಬೆಹಣ್ಣಿನವಳ ಬುಟ್ಟಿ ಎಲ್ಲವೂ ನೆಲೆಯೂರಿವೆ. ತಾತ್ಕಾಲಿಕವೆಂಬುದು ನಮ್ಮಲ್ಲಿ ಬಹಳ ಬಾಳಿಕೆ ಬರುವ ವಸ್ತು ಎಂದು ನಾನು ಶಾರದೆಯ ಮುಂದೆ ನಗುತ್ತಿದ್ದೆ. ನನ್ನ ಮನೆಯೂ ಆ ವರ್ಗಕ್ಕೆ ಸೇರಿದ ಮೇಲೆ ನಗು ಸ್ವಲ್ಪ ಕಡಿಮೆಯಾಯಿತು.

ಗಾಳಿಯ ತಿಂಗಳುಗಳಲ್ಲಿ ಹಣತೆ ನಿಲ್ಲದಾಯಿತು. ಒಂದು ಚಾರ್ಜಿಂಗ್ ಲಾಟೀನು ತಂದೆ. ದೀಪವೆಂದರೆ ದೀಪವೇ ಎಂದು ಪುರೋಹಿತರು ಫೋನಿನಲ್ಲೇ ಅನುಮತಿ ಕೊಟ್ಟರು. ನೆಲದ ಮೇಲಿಟ್ಟರೆ ಅಚ್ಚುಕಟ್ಟಲ್ಲವೆಂದು, ಮುಂಭಾಗದಲ್ಲಿ ಬಾಲ್ಕನಿಯಾಗಬೇಕಿದ್ದ ಅಂಚಿನಲ್ಲಿ, ಕಂಬದಿಂದ ಚಾಚಿಕೊಂಡಿದ್ದ ಸರಳಿಗೆ ಅದನ್ನು ತೂಗುಹಾಕಿದೆ. ಬೆಳಿಗ್ಗೆ ವಾಕಿಂಗ್ ಹೋಗುವಾಗ ತೆಗೆದುಕೊಂಡು ಬರುವುದು. ಕೆಳಗಿಳಿದು ನೋಡಿದರೆ ಕಪ್ಪು ಕಟ್ಟಡದಲ್ಲಿ ಬೆಳ್ಳಗೆ ಒಂದು ಬೆಳಕು. ಚೆನ್ನಾಗಿ ಕಾಣುತ್ತಿತ್ತು. ಯಾರಿಗೆ ಕಾಣುತ್ತದೆಂದು ಯೋಚಿಸಲಿಲ್ಲ.

ಆರನೆಯ ದಿನ, ಒಂದು ಶುಕ್ರವಾರ, ಲಾಟೀನು ಹಾಕಿ ತಿರುಗುವಷ್ಟರಲ್ಲಿ ಮೆಟ್ಟಿಲಲ್ಲಿ ಅವಸರದ ಹೆಜ್ಜೆ ಕೇಳಿತು. ಹೂಟಗಳ್ಳಿಯ ಕಾರ್ಖಾನೆಯೊಂದರ ಸಮವಸ್ತ್ರ ತೊಟ್ಟು, ಕೊರಳಲ್ಲಿ ಗುರುತಿನ ಚೀಟಿ ಹಾಕಿಕೊಂಡಿದ್ದ ನಲವತ್ತರ ಹೆಂಗಸು ಏದುಸಿರು ಬಿಡುತ್ತ ನಿಂತಳು. ಹೆಸರು ಮಂಜುಳಾ, ಎರಡನೆಯ ಮಹಡಿಯಲ್ಲಿ ಮನೆ ಕಾದಿರಿಸಿದವಳು.

"ಕೆಲ್ಸ ಶುರುವಾಯ್ತಾ ಮೇಡಂ? ಸೋಮವಾರದಿಂದ ಕಂಪ್ನಿ ಬಸ್ಸಲ್ಲಿ ನೋಡ್ತಾನೇ ಇದ್ದೀನಿ, ಲೈಟ್ ಉರೀತದೆ. ಇವತ್ತು ತಡೀನಾರದೆ ಇಳ್ದೇಬುಟ್ಟೆ."

ನಾನು ಉತ್ತರಿಸುವ ಮೊದಲೇ ಅವಳು ತನ್ನ ವಿಷಯ ಹೇಳಿಬಿಟ್ಟಳು. ಕಾದಿರಿಸಿದ್ದನ್ನು ಬಿಟ್ಟುಕೊಡುವವರು ಶನಿವಾರದೊಳಗೆ ಸಹಿ ಮಾಡಿದರೆ ಕಟ್ಟಿದ ಹಣ ಹಿಂತಿರುಗಿಸುತ್ತೇವೆಂದು ಕಟ್ಟಡದ ಕಂಪನಿ ತಿಳಿಸಿತ್ತು. ಹೂಟಗಳ್ಳಿಯಲ್ಲಿ ಅವಳಿಗೊಂದು ಪುಟ್ಟ ಹಳೆಯ ಮನೆ ಸಿಗುವುದಿತ್ತು. ಮನೆಯ ಮಾಲೀಕರು ಭಾನುವಾರದವರೆಗೆ ಮಾತ್ರ ಕಾಯುವವರು. ಈಗಿರುವ ಬಾಡಿಗೆ ಮನೆಯನ್ನು ತಿಂಗಳ ಕೊನೆಗೆ ಖಾಲಿಮಾಡಬೇಕು. "ಸೈನ್ ಹಾಕ್ಬುಡಾಣ ಅಂತ ಪೇಪರ್ರೂ ರೆಡಿ ಮಾಡ್ಕೊಂಡಿದ್ದೆ. ಈ ಲೈಟ್ ನೋಡಿ ಬ್ಯಾಗಲ್ಲೇ ಇಟ್ಕೊಂಡು ಓಡಾಡ್ತಾ ಇದ್ದೀನಿ. ಫ್ಯಾಕ್ಟ್ರಿ ಲೈನಲ್ಲಿ ಎಲ್ರಿಗೂ ಹೇಳೂ ಆಯ್ತು, ನಮ್ ಬಿಲ್ಡಿಂಗ್ ಎದ್ದದೆ ಅಂತ."

ಇಲ್ಲಿ ನಿಮಗೊಂದು ಸಂಗತಿ ತಿಳಿಸಬೇಕು. ಬೇರೊಬ್ಬ ಗುತ್ತಿಗೆದಾರರು ಕಟ್ಟಡವನ್ನು ವಹಿಸಿಕೊಳ್ಳುವ ಮಾತಾಡಿದ್ದರು, ಕಾದಿರಿಸಿದವರಲ್ಲಿ ಅರ್ಧದಷ್ಟಾದರೂ ಜನ ಉಳಿದಿದ್ದರೆ. ಹಾಜರಿ ಹಾಕುವ ಚಾಳಿಯ ನಾನು ಪಟ್ಟಿ ಇಟ್ಟಿದ್ದೆ: ಅಂದಿಗೆ ಉಳಿದವರು ಸರಿಯಾಗಿ ಅರ್ಧ. ಮಂಜುಳಾ ಬಿಟ್ಟರೆ ಅರ್ಧವಿಲ್ಲ. ನಾನು ಸುಳ್ಳು ಹೇಳಬೇಕಾಗಿಯೂ ಇರಲಿಲ್ಲ. ಒಂದು ದಿನ ಸುಮ್ಮನಿದ್ದರೆ ಸಾಕಿತ್ತು. "ನೋಡೋಣ" ಎಂಬ ಒಂದು ಮಾತು ಸಾಕಿತ್ತು. ಗೇಟು ಹಾರಿ ಸಿನಿಮಾಕ್ಕೆ ಹೋದ ಹುಡುಗಿಯರಿಗೆ ಸತ್ಯದ ಮೇಲೆ ನಾನು ಕೊಟ್ಟ ಉಪನ್ಯಾಸಗಳಿಗೆ ಲೆಕ್ಕವಿಲ್ಲ. ಆ ಸಂಜೆ ಲಾಟೀನಿನ ಕೆಳಗೆ ನಿಂತು, ಒಂದು ನಿಮಿಷಕ್ಕಿಂತ ಸ್ವಲ್ಪ ಹೆಚ್ಚೇ, ನಾನು ಲಾಟೀನಿನ ಗುಂಡಿ ಸರಿಪಡಿಸುವವಳಂತೆ ನಟಿಸಿದೆ. ಅದು ಸರಿಯಾಗಿಯೇ ಇತ್ತು.

ಆಮೇಲೆ ಹೇಳಿದೆ. ಕೆಲಸ ಶುರುವಾಗಿಲ್ಲ, ದೀಪ ನನ್ನದು, ಹಾಲುಕ್ಕಿಸಿದ್ದು, ಚೌಕಟ್ಟು, ಪುರೋಹಿತರ ಮಾತು, ಎಲ್ಲ.

ಚೌಕಟ್ಟು ಹಿಡಿದು ನಿಂತವರ ಪ್ರಸಂಗ ಬಂದಾಗ ಅವಳ ತುಟಿ ಸ್ವಲ್ಪ ಅಲುಗಿತು.

"ನೀವು ಹೇಳ್ದೆ ಇದ್ದಿದ್ರೆ?" ಎಂದಳು.

"ನಾಳೆ ದಾಟಿಹೋಗ್ತಿತ್ತು," ಎಂದೆ. ಪಟ್ಟಿಯ ವಿಷಯವನ್ನೂ ಹೇಳಿದೆ. ಅರ್ಧ ಹೇಳಿ ಅರ್ಧ ಉಳಿಸಿಕೊಳ್ಳುವುದು ನನಗೆ ಒಗ್ಗದು.

"ಅಂಗಾದ್ರೆ ನಾನು ಸೈನ್ ಹಾಕಿದ್ರೆ ನಿಮ್ಮನೇಗೂ ಕಲ್ಲು ಬಿತ್ತು ಅನ್ನಿ."

"ಅದು ನನ್ನ ಚಿಂತೆ ಕಣಮ್ಮ. ನಿನ್ನದು ತಿಂಗಳ ಕೊನೆ."

ಇಬ್ಬರೂ ಒಂದು ಮಹಡಿ ಇಳಿದೆವು. ಮೊಬೈಲಿನ ಬೆಳಕಿನಲ್ಲಿ ಅವಳು ತನ್ನ ಮನೆಯನ್ನು ನೋಡಿದಳು, ಎಂದರೆ ನೆಲದ ಮೇಲೆ ಯಾರೋ ಸುಣ್ಣದಲ್ಲಿ ಎಳೆದಿದ್ದ ಗೆರೆಗಳನ್ನು. ಅಡುಗೆಮನೆಯ ಚೌಕದಲ್ಲಿ ನಿಂತು, "ಇಲ್ಲಿ ಕಿಟಕಿ ಇಡಿಸ್ಬೇಕು ಅಂತಿದ್ದೆ, ಬೆಟ್ಟ ಕಾಣ್ಲಿ ಅಂತ" ಎಂದಳು. ಗೋಡೆಯೇ ಇಲ್ಲದ್ದರಿಂದ ಬೆಟ್ಟ ಪೂರ್ತಿಯಾಗಿ ಕಾಣುತ್ತಿತ್ತು, ತುದಿಯಲ್ಲಿ ದೀಪಗಳ ಸಮೇತ. ಸ್ವಲ್ಪ ಹೊತ್ತು ನೋಡಿದಳು. ಗೆರೆ ದಾಟಿ ಬರುವಾಗ ಬಾಗಿಲಿರಬೇಕಾದ ಜಾಗದಿಂದಲೇ ಬಂದಳು.

ಮರುದಿನ ಹನ್ನೊಂದಕ್ಕೆ ಫೋನು ಬಂತು. ಸಹಿ ಹಾಕಿದ್ದಳು. ನಾನು ಪಟ್ಟಿಯಲ್ಲಿ ಅವಳ ಹೆಸರಿನ ಮೇಲೆ ಗೆರೆ ಎಳೆದು, ಗುತ್ತಿಗೆದಾರರಿಗೆ ಸಂಖ್ಯೆ ತಿಳಿಸಿದೆ. ಅವರು ಯೋಚಿಸಿ ಹೇಳುತ್ತೇನೆಂದರು. ಯಾವತ್ತು ಎಂದು ನಾನು ಕೇಳಲಿಲ್ಲ. ಫೋನು ಇಟ್ಟ ಮೇಲೆ ಶಾರದೆ ನನ್ನ ಮುಖವನ್ನೇ ನೋಡುತ್ತಿದ್ದಳು. ತಾರೀಕು ಕೇಳದೆ ನಾನು ಮುಗಿಸಿದ ಮೊದಲ ಮಾತುಕತೆ ಅದಿರಬೇಕು.

ಅಂದು ಸಂಜೆ ಆರೂಕಾಲಿಗೆ ಎಂದಿನಂತೆ ಹೋದೆ. ಲಾಟೀನನ್ನು ಸರಳಿಗೆ ಹಾಕದೆ, ಒಳಮೂಲೆಯ ಇಟ್ಟಿಗೆಯ ಮರೆಗೆ, ರಸ್ತೆಗೆ ಬೆನ್ನುಮಾಡಿ ಇಟ್ಟೆ. ಕೆಳಗಿಳಿದು ಬಂದು ರಸ್ತೆಯ ಆ ತುದಿಯಿಂದ ಈ ತುದಿಯವರೆಗೆ ನಡೆದು, ಬೆಳಕು ಎಲ್ಲಿಂದಾದರೂ ಕಾಣುತ್ತದೆಯೇ ಎಂದು ಪರೀಕ್ಷಿಸಿದೆ. ಸಿದ್ದಪ್ಪ, "ಏನ್ ಕಳ್ಕೊಂಡ್ರಿ?" ಎಂದ. ಏನೂ ಇಲ್ಲ ಎಂದೆ.

ಸೋಮವಾರ ಸಂಜೆ ಆರೂಮುಕ್ಕಾಲರ ಹೊತ್ತಿಗೆ ಮತ್ತೆ ಮಂಜುಳಾಳ ಫೋನು. ಹಿಂದೆ ಬಸ್ಸಿನ ಸದ್ದು, ಯಾರದೋ ನಗು.

"ಈಗಷ್ಟೇ ದಾಟಿ ಬಂದೆ ಮೇಡಂ. ಇಟ್ಟಿದ್ದೀರಾ?"

"ಇಟ್ಟಿದ್ದೇನೆ."

"ಇಷ್ಟೂ ಕಾಣ್ಲಿಲ್ಲ," ಎಂದಳು. "ಸರಿಯಾಗಿ ಇಟ್ಟಿದ್ದೀರಿ."