ಹನ್ನೆರಡನೇ ವಾರದ ಟೈರುಗಳು

ಶುವೈಖ್‌ನ ಗ್ಯಾರೇಜು ಸಾಲಿನಲ್ಲಿ ಅಮರೇಶನ ಮಾತಿಗೆ ಬೆಲೆಯಿತ್ತು. ಲಿಂಗಸುಗೂರಿನ ಕಡೆಯವನು, ಬಾಗಲಕೋಟೆಯಲ್ಲಿ ಆಟೊಮೊಬೈಲ್ ಡಿಪ್ಲೊಮಾ ಮುಗಿಸಿ 1998ರಲ್ಲಿ ಕುವೈತಿಗೆ ಬಂದಿದ್ದ. ಹಳೆಯ ಕಾರು ಕೊಳ್ಳುವ ನಮ್ಮವರೆಲ್ಲ ಮೊದಲು ಅದನ್ನು ಅವನ ಮುಂದೆ ತಂದು ನಿಲ್ಲಿಸುತ್ತಿದ್ದರು. ಅವನು ಎಂಜಿನ್ನಿಗೆ ಕಿವಿಗೊಡುತ್ತಿದ್ದ, ಕಾರಿನಡಿ ತೂರಿ ಟಾರ್ಚ್ ಹಿಡಿಯುತ್ತಿದ್ದ, ಒಂದು ಸುತ್ತು ಓಡಿಸಿಕೊಂಡು ಬರುತ್ತಿದ್ದ. ಆಮೇಲೆ "ತಗೋರಿ" ಎನ್ನುತ್ತಿದ್ದ, ಇಲ್ಲವೆ ಸುಮ್ಮನೆ ತಲೆ ಅಲ್ಲಾಡಿಸುತ್ತಿದ್ದ. ಅಷ್ಟೇ ಸಾಕಾಗುತ್ತಿತ್ತು.

2009ರ ಸೆಪ್ಟೆಂಬರಿನಲ್ಲಿ ಫ್ರೆಡ್ರಿಕ್ ಎಂಬವರು ಬಂದರು. ಮಂಗಳೂರಿನವರು, ಬಂದರಿನ ಬಳಿ ಒಂದು ಶಿಪ್ಪಿಂಗ್ ಆಫೀಸಿನಲ್ಲಿ ಕೆಲಸ, ರುಮೈಥಿಯಾದಲ್ಲಿ ಮನೆ. ಹೆಂಡತಿ ಲಿಜ್ಜಿ ಊರಿನ ಇನ್ನೊಂದು ತುದಿಯಾಚೆ ಜಹ್ರಾದ ಒಂದು ಕ್ಲಿನಿಕ್ಕಿನಲ್ಲಿ ನರ್ಸು. ದಿನಾ ಬೆಳಿಗ್ಗೆ ಅವಳನ್ನು ಅಷ್ಟು ದೂರ ಬಿಟ್ಟು, ತಿರುಗಿ ಆಫೀಸಿಗೆ ಬರುವುದು ಅವರ ಪಾಡು. ಹದಿನೇಳು ವರ್ಷ ಸಣ್ಣ ಕಾರುಗಳಲ್ಲೇ ಓಡಾಡಿದ ಮನುಷ್ಯ ಈಗ ಒಂದು ಒಳ್ಳೆಯ ಸೆಡಾನ್ ಕೊಳ್ಳಬೇಕೆಂದು ಮನಸ್ಸು ಮಾಡಿದ್ದರು. ಎರಡು ಕಾರು ಗೊತ್ತುಮಾಡಿಕೊಂಡಿದ್ದರು. ಒಂದು ಸಾಧಾರಣವಾದ ಜಪಾನಿ ಗಾಡಿ. ಇನ್ನೊಂದು ಬೆಳ್ಳಿ ಬಣ್ಣದ ದೊಡ್ಡ ಜರ್ಮನ್ ಗಾಡಿ. ಊರಿಗೆ ಮರಳುತ್ತಿದ್ದ ಒಬ್ಬ ಲೆಬನಾನಿ ಎಂಜಿನಿಯರನದು. ಆರು ವರ್ಷದ್ದಾದರೂ ಹೆಚ್ಚು ಓಡಿರಲಿಲ್ಲ, ಬಹುಕಾಲ ಶೆಡ್ಡಿನಲ್ಲೇ ನಿಂತಿತ್ತು.

ಅಮರೇಶನ ಮನಸ್ಸು ಬೆಳ್ಳಿ ಕಾರಿಗೇ ಹೋಯಿತು. ಅಂಥ ಕಾರನ್ನು ತಾನು ಎಂದೂ ಕೊಳ್ಳಲಾರೆನೆಂಬುದು ಅವನಿಗೆ ಗೊತ್ತಿತ್ತು. ಬಾಗಿಲು ಮುಚ್ಚಿದರೆ ಹೊರಗಿನ ಲೋಕದ ಸದ್ದೇ ಇಲ್ಲ. ತಪ್ಪು ಹುಡುಕಲೇಬೇಕೆಂದು ಹುಡುಕಿದ. ಎಡಗಡೆಯ ಫಾಗ್ ಲ್ಯಾಂಪಿನ, ಅಂದರೆ ಮಂಜಿನ ದೀಪದ, ಬಲ್ಬನ್ನು ಯಾರೋ ಬದಲಾಯಿಸಿದ್ದರು. ಅದು ಬಲಗಡೆಯದಕ್ಕಿಂತ ಹಳದಿಯಾಗಿ ಉರಿಯುತ್ತಿತ್ತು. ಟೈರುಗಳ ಗೀರು ಹೊಸದರ ಹಾಗೆ ಆಳವಾಗಿದ್ದವು. ಆದರೆ ಟೈರಿನ ಪಕ್ಕದಲ್ಲಿ, ಅದು ತಯಾರಾದ ವಾರ ಮತ್ತು ವರ್ಷ ಹೇಳುವ ಅಂಕಿ 1203 ಎಂದಿತ್ತು. 2003ನೇ ಇಸವಿಯ ಹನ್ನೆರಡನೇ ವಾರ. ಏಳು ಬೇಸಿಗೆ ಕಂಡ ರಬ್ಬರು. ಹೆಬ್ಬೆರಳಿನ ಉಗುರು ಒತ್ತಿ ನೋಡಿದ. ಉಗುರು ಇಳಿಯಲಿಲ್ಲ, ಹಲಗೆಗೆ ಒತ್ತಿದ ಹಾಗಾಯಿತು.

ಅವನು ಎದ್ದು ನಿಂತಾಗ ಫ್ರೆಡ್ರಿಕ್ ಕೇಳಿದರು, "ಚಳಿಗಾಲದಲ್ಲಿ ಇದು ಹೇಗೆ? ನಮಗೆ ಜಹ್ರಾ ರೋಡ್ ಅಲ್ವಾ, ಮಂಜು, ಮಳೆ ಎಲ್ಲ ಉಂಟು."

ಹೊರಗೆ ನಲವತ್ತಾರು ಡಿಗ್ರಿ ಬಿಸಿಲಿತ್ತು. ಮಳೆ ಎಂಬುದು ಬೇರೆ ಯಾವುದೋ ದೇಶದ ಮಾತಿನಂತೆ ಕೇಳಿಸಿತು. ಎಂಜಿನಿಯರ್ ಗಡಿಯಾರ ನೋಡಿಕೊಳ್ಳುತ್ತಿದ್ದ. ಫ್ರೆಡ್ರಿಕ್ಕರ ಒಂದು ಕೈ ಆಗಲೇ ಕಾರಿನ ಬಾನೆಟ್ಟಿನ ಮೇಲಿತ್ತು.

"ಏನೂ ಆಗೂದಿಲ್ರಿ ಸರ್. ಭಾರದ ಗಾಡಿ, ರೋಡ್ ಹಿಡಕೊಂಡು ಹೋಕ್ಕೈತಿ. ತಗೋರಿ," ಎಂದ ಅಮರೇಶ.

ಟೈರಿನ ಮಾತನ್ನು ಮೊದಲ ಆಯಿಲ್ ಬದಲಾವಣೆಗೆ ಬಂದಾಗ ಹೇಳಿದರಾಯಿತು ಎಂದುಕೊಂಡ. ಅವರ ಸಂತೋಷದ ನಡುವೆ ಒಂದು ಕೊಂಕು ತೆಗೆಯಲು ಅವನಿಗೆ ಬಾಯಿ ಬರಲಿಲ್ಲ.

ನವೆಂಬರಿನ ನಡುವೆ ಒಂದು ಸೋಮವಾರ ಬೆಳಿಗ್ಗೆ ಮೊದಲ ಮಳೆ ಬಂತು. ಆರು ತಿಂಗಳು ಹನಿ ಬೀಳದ ರಸ್ತೆಯ ಮೇಲೆ ಧೂಳೂ ಎಣ್ಣೆಯೂ ಕೂತಿರುತ್ತವೆ. ಮೊದಲ ನೀರು ಬಿದ್ದಾಗ ಅದೆಲ್ಲ ಸಾಬೂನಿನಂತಾಗುತ್ತದೆ. ಹಿಂದಿನ ಚಕ್ರಗಳಿಂದ ನೂಕಿಸಿಕೊಳ್ಳುವ ಭಾರದ ಕಾರಿನ ಬಾಲ ಅಂಥ ರಸ್ತೆಯಲ್ಲಿ ತಟ್ಟನೆ ಜಾರುತ್ತದೆ. ಮೆತ್ತಗಿನ ರಬ್ಬರಿದ್ದರೆ ಕಾರು ತನ್ನನ್ನು ತಾನೇ ಹಿಡಿದುಕೊಳ್ಳುತ್ತದೆ. ಹಲಗೆಯಂಥ ರಬ್ಬರಿದ್ದರೆ ಕಾರಿನೊಳಗಿನ ಯಾವ ಕಂಪ್ಯೂಟರೂ ಅದನ್ನು ನಿಲ್ಲಿಸಲಾರದು. ಫ್ರೆಡ್ರಿಕ್ ಲಿಜ್ಜಿಯನ್ನು ಕ್ಲಿನಿಕ್ಕಿನಲ್ಲಿ ಬಿಟ್ಟು ಮರಳುತ್ತಿದ್ದರು. ಮೇಲ್ಸೇತುವೆ ಇಳಿಯುವ ತಿರುವಿನಲ್ಲಿ ಕಾರು ಅಡ್ಡ ತಿರುಗಿ, ತಡೆಗೋಡೆಗೆ ಬಡಿದು, ನೀರಿನ ಟ್ಯಾಂಕರಿನ ಎದುರಿಗೆ ಹೋಯಿತು. ಆಸ್ಪತ್ರೆ ಮುಟ್ಟುವ ಮೊದಲೇ ಅವರು ತೀರಿಕೊಂಡಿದ್ದರು. ನೋಡಿದವರು, ನೋಡದವರು ಎಲ್ಲರೂ ಒಂದೇ ಮಾತು ಹೇಳಿದರು: ದೊಡ್ಡ ಗಾಡಿ ಸಿಕ್ಕಿತು, ಸ್ಪೀಡ್ ಹೊಡೆದರು.

ಅಮರೇಶನಿಗೆ ಸುದ್ದಿ ಮುಟ್ಟಿದ್ದು ಮಧ್ಯಾಹ್ನ, ಯಾರದೋ ಮೊಬೈಲಿನ ಚಿತ್ರದಲ್ಲಿ. ಬೆಳ್ಳಿ ಬಣ್ಣ, ಮುರಿದ ಮೂತಿ. ಅವನು ಊಟದ ಡಬ್ಬಿ ಮುಚ್ಚಿ ಹೊರಗೆ ಹೋಗಿ ಗೋಡೆಗೆ ಮುಖ ಮಾಡಿ ನಿಂತ. ಚರ್ಚಿನಲ್ಲಿ ಫ್ರೆಡ್ರಿಕ್ಕರಿಗಾಗಿ ಪ್ರಾರ್ಥನೆಯಿದ್ದ ದಿನ ಹೋದ, ಆದರೆ ಒಳಗೆ ಕಾಲಿಡಲಾಗಲಿಲ್ಲ. ಗೇಟಿನ ಹೊರಗೆ ನಿಂತು ವಾಪಸು ಬಂದ.

ಅದು ಶುರುವಾದದ್ದು ಮುಂದಿನ ಜನವರಿಯಲ್ಲಿ. ಯಾರದೋ ಕಾರು ಪರೀಕ್ಷಿಸಲು ಬೆಳಗಿನ ಮಂಜಿನಲ್ಲಿ ಓಡಿಸುತ್ತಿದ್ದಾಗ ಹಿಂದೊಂದು ಕಾರು ಬರುತ್ತಿರುವುದು ಕನ್ನಡಿಯಲ್ಲಿ ಕಂಡಿತು. ಎರಡು ಮಂಜಿನ ದೀಪ, ಎಡಗಡೆಯದು ಹಳದಿ. ಅವನು ಲೇನು ಬದಲಾಯಿಸಿದ, ಅದೂ ಬದಲಾಯಿಸಿತು. ನಿಧಾನ ಮಾಡಿದ, ಅದೂ ಮಾಡಿತು. ರಸ್ತೆಯ ಬದಿಗೆ ನಿಲ್ಲಿಸಿ ಇಳಿದು ಕಾದ. ಅವನನ್ನು ದಾಟಿ ಯಾವ ಕಾರೂ ಹೋಗಲಿಲ್ಲ. ಮಂಜಿನೊಳಗೆ ರಸ್ತೆ ಬರಿದಾಗಿತ್ತು.

ಆಮೇಲೆ ಪ್ರತಿ ಚಳಿಗಾಲವೂ ಹೀಗೆಯೇ ಆಯಿತು. ಮಂಜು ಬಿದ್ದ ಎಲ್ಲ ದಿನವೂ ಆ ಕಾರು ಬರುತ್ತಿರಲಿಲ್ಲ. ಹತ್ತರಲ್ಲಿ ಒಂದೆರಡು ದಿನ. ಬಾರದ ದಿನ ಅವನು ಹೆಚ್ಚು ಸಲ ಕನ್ನಡಿ ನೋಡುತ್ತಿದ್ದ.

ಹೆಂಡತಿ ನೇತ್ರಾಳಿಗೆ ಹೇಳಲಿಲ್ಲ. ಆದರೆ ಅವಳು ಬೇರೊಂದನ್ನು ಗಮನಿಸಿದಳು. ಎಲ್ಲೇ ಹೋಗಲಿ, ಪಾರ್ಕಿಂಗಿನಲ್ಲಿ ಅವನು ಅಪರಿಚಿತರ ಕಾರುಗಳ ಪಕ್ಕ ಮಂಡಿಯೂರಿ ಟೈರಿನ ಅಂಕಿ ಓದುತ್ತಿದ್ದ. ಮದುವೆಯ ಹಾಲ್ ಎದುರು ರೇಷ್ಮೆ ಸೀರೆ ಉಟ್ಟು ನಿಂತು ಅವಳು ಹೇಳಿದ್ದೂ ಉಂಟು, "ಏಳ್ರಿ, ಮಂದಿ ನೋಡಾಕತ್ತಾರ. ಕಳ್ಳ ಅಂತ ತಿಳೀತಾರ." ಹಳೆಯ ಟೈರು ಕಂಡರೆ ಅವನು ವೈಪರಿನ ಅಡಿ ಒಂದು ಚೀಟಿ ಸಿಕ್ಕಿಸುತ್ತಿದ್ದ: ಮಳೆಗೆ ಮೊದಲು ಟೈರು ಬದಲಾಯಿಸಿ. ಇಂಗ್ಲಿಷಿನಲ್ಲೊಂದು ಸಾಲು, ಗ್ಯಾರೇಜಿನ ಈಜಿಪ್ಟಿನವನಿಂದ ಬರೆಸಿಕೊಂಡು ನಕಲು ಮಾಡಿದ ಅರಬ್ಬಿಯಲ್ಲೊಂದು ಸಾಲು. ಟೈರು ಮಾರುವವನಿರಬೇಕೆಂದು ಬೈದವರೂ ಇದ್ದರು.

2012ರ ಅಕ್ಟೋಬರಿನಲ್ಲಿ ಲಿಜ್ಜಿ ಗ್ಯಾರೇಜಿಗೆ ಬಂದರು.

ಅವನು ಅವರನ್ನು ಎಂದೂ ಹತ್ತಿರದಿಂದ ನೋಡಿರಲಿಲ್ಲ. ಐವತ್ತರ ಆಸುಪಾಸಿನ ಹೆಂಗಸು, ಬಿಳಿಯ ಯೂನಿಫಾರ್ಮಿನ ಮೇಲೆ ಸ್ವೆಟರು. ಹೆಸರು ಹೇಳಿದ ಮೇಲೆ ಅಮರೇಶ ಕೈಯ ಸ್ಪ್ಯಾನರನ್ನು ಕೆಳಗಿಟ್ಟ.

"ನಾನು ಲೈಸನ್ಸ್ ಮಾಡಿಸಿಕೊಂಡಿದ್ದೇನೆ. ಒಂದು ಒಳ್ಳೆ ಕಾರು ಬೇಕು, ಗಟ್ಟಿಯಾದ್ದು," ಎಂದರು. "ಆ ಕಾರು ತಕೊಂಡ ದಿನ ನಮ್ಮವರು ಮನೆಗೆ ಬಂದು ನಿಮ್ಮದೇ ಸುದ್ದಿ. ಆ ಹುಡುಗ ಕಾರನ್ನು ಪ್ರೀತಿಯಿಂದ ನೋಡ್ತಾನೆ ಅಂತ. ಅದಕ್ಕೇ ಬಂದೆ." ಬ್ಯಾಗಿನಿಂದ ಮೂರು ಕಾರುಗಳ ವಿವರ ಬರೆದ ಹಾಳೆ ತೆಗೆದರು. "ಇದರಲ್ಲಿ ಚಳಿಗಾಲಕ್ಕೆ ಯಾವುದು ಒಳ್ಳೇದುಂಟು?"

ಅಮರೇಶ ಹಾಳೆ ಮುಟ್ಟಲಿಲ್ಲ. ಒಂದು ಸ್ಟೂಲು ತಂದು ಅವರನ್ನು ಕೂರಿಸಿ, ತಾನು ಎದುರಿಗೆ ನಿಂತುಕೊಂಡೇ ಹೇಳಿದ.

"ಮೇಡಂ, ಆ ಗಾಡಿ ಟೈರು ಹಳೇವಿದ್ದುವು. ನಾ ನೋಡಿದ್ದೆ. ಉಗುರು ಒತ್ತಿ ನೋಡಿದ್ದೆ. ಸರ್ ನನ್ನ ಕೇಳಿದ್ರು, ಚಳಿಗಾಲಕ್ಕ ಹೆಂಗ ಅಂತ. ನಾ ಏನೂ ಆಗೂದಿಲ್ಲ ಅಂದೆ."

"ಯಾಕೆ?"

"ಗೊತ್ತಿಲ್ರಿ. ಅವ್ರು ಭಾಳ ಖುಷಿಯಾಗಿದ್ರು. ಆಮ್ಯಾಲ ಹೇಳೂಣು ಅಂತ ಬಿಟ್ಟೆ."

ಪಕ್ಕದ ಗ್ಯಾರೇಜಿನಲ್ಲಿ ಯಾರೋ ತಗಡು ಬಡಿಯುತ್ತಿದ್ದರು.

"ನೀವು ಹೇಳಿದ್ದಿದ್ರೆ ಅವರು ಅವತ್ತೇ ಬದಲಾಯಿಸ್ತಿದ್ರು," ಎಂದರು ಲಿಜ್ಜಿ. "ಅವರು ಹಾಗೇ. ಹೇಳಿದ್ದನ್ನು ಕೇಳುವ ಮನುಷ್ಯ." ಸ್ಟೂಲಿನಿಂದ ಏಳುತ್ತ, "ಎಲ್ಲರೂ ಸ್ಪೀಡ್ ಅಂದ್ರು. ಮೂರು ವರ್ಷ ನಾನು ಸತ್ತವರಿಗೆ ಬೈತಾ ಇದ್ದೆ, ಗೊತ್ತುಂಟಾ ನಿಮಗೆ? ಪ್ರಾರ್ಥನೆಗೆ ಕೂತ್ರೂ ಬೈಗುಳವೇ ಬರ್ತಿತ್ತು."

ಅವರು ಹಾಳೆ ಮಡಚಿ ಬ್ಯಾಗಿಗೆ ಹಾಕಿಕೊಂಡು ಹೊರಟುಹೋದರು. ಕ್ಷಮಿಸಿದೆ ಎನ್ನಲಿಲ್ಲ. ಅವನೂ ಕೇಳಲಿಲ್ಲ.

ಎರಡು ತಿಂಗಳ ಮೇಲೆ ಲಿಜ್ಜಿಯವರ ಫೋನ್ ಬಂತು. "ನಾನು ಹೋಗ್ತಿದ್ದ ಕ್ಲಿನಿಕ್ಕಿನ ವ್ಯಾನ್ ನಿಂತುಹೋಯ್ತು. ನನಗೆ ಕಾರು ನೀವೇ ನೋಡಿ ಕೊಡಬೇಕು."

"ನಾನೇನ್ರಿ?"

"ಈ ಊರಿನಲ್ಲಿ ಇನ್ನು ನಿಮ್ಮಷ್ಟು ಹೆದರಿ ಕಾರು ನೋಡುವವರು ಯಾರಿದ್ದಾರೆ?"

ಅವನು ಹತ್ತೊಂಬತ್ತು ಕಾರು ನೋಡಿದ. ರಜೆಯ ಶುಕ್ರವಾರಗಳೆಲ್ಲ ಅದಕ್ಕೇ ಹೋದವು. ಒಂದರ ಬ್ರೇಕು ಸ್ವಲ್ಪ ಎಡಕ್ಕೆಳೆಯುತ್ತಿತ್ತು, ಒಂದರ ಕಿಟಕಿಯೊಳಗೆ ಹಬೆ ಕಟ್ಟುತ್ತಿತ್ತು, ಇನ್ನೊಂದರಲ್ಲಿ ಏನೂ ದೋಷವಿರಲಿಲ್ಲ, ಆದರೂ ಬೇಡವೆಂದ. ಲಿಜ್ಜಿ ಏಕೆಂದು ಕೇಳುತ್ತಿರಲಿಲ್ಲ. ಕಡೆಗೆ ಒಪ್ಪಿದ್ದು ಕಡುನೀಲಿಯ ಒಂದು ಸೆಡಾನು. ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ ಹೋಗುವಂಥದು, ಜಾರುವ ರಸ್ತೆಯಲ್ಲಿ ಬಾಲ ಬೀಸುವುದಿಲ್ಲ. ನಾಲ್ಕು ಹೊಸ ಟೈರು ಹಾಕಿಸಿ, ಒಂದೊಂದರ ಅಂಕಿಯನ್ನೂ ಅವರ ಕೈಯಿಂದಲೇ ಓದಿಸಿದ. ಉಗುರು ಒತ್ತಿ ನೋಡಲು ಹೇಳಿದ. ಲಿಜ್ಜಿ ಒತ್ತಿದರು, ಗುರುತು ಮೂಡಿತು.

ಜನವರಿಯ ಒಂದು ಬೆಳಿಗ್ಗೆ ಆ ಕಾರಿನಲ್ಲಿ ಅವರು ಮೊದಲ ಸಲ ಡ್ಯೂಟಿಗೆ ಹೊರಟರು. ಪಕ್ಕದಲ್ಲಿ ಕೂರಲು ಅಮರೇಶನನ್ನು ಕರೆದಿದ್ದರು. ದಟ್ಟ ಮಂಜು. ದೀಪಕಂಬಗಳು ಒಂದಾದ ಮೇಲೊಂದು ಮೂಡಿ ಅಳಿಯುತ್ತಿದ್ದವು. ಅವನು ಹೇಳುತ್ತ ಹೋದ: ದೊಡ್ಡ ದೀಪ ಬ್ಯಾಡ್ರಿ, ಮಂಜು ಅದನ್ನ ನಿಮ್ಮ ಕಣ್ಣಿಗೇ ಹೊಡೀತೈತಿ; ಮುಂದಿನ ಗಾಡಿಯ ಹಿಂದ ಹೋಗಬ್ಯಾಡ್ರಿ, ಬಿಳಿ ಗೆರೆ ನೋಡ್ರಿ; ಬ್ರೇಕು ಒತ್ತೂದಲ್ಲ, ಕಾಲು ತಗೀರಿ.

ಜಹ್ರಾ ರಸ್ತೆಗೆ ಸೇರಿದ ಮೇಲೆ ಅವನ ಮಾತು ನಿಂತಿತು.

"ಕನ್ನಡಿಯಲ್ಲಿ ಏನು ನೋಡ್ತಾ ಇದ್ದೀರಿ?" ಎಂದು ಲಿಜ್ಜಿ ಕೇಳಿದರು.

ಅವನು ಸುಳ್ಳು ಹೇಳಬಹುದಿತ್ತು. "ಹಿಂದ ಒಂದು ಗಾಡಿ ಬರಾಕತ್ತೈತ್ರಿ. ಬೆಳ್ಳಿ ಬಣ್ಣ. ಎಡಗಡೆ ದೀಪ ಹಳದಿ. ಮೂರು ವರ್ಷ ಆತು, ಮಂಜು ಬಿದ್ದಾಗ ನನ್ನ ಹಿಂದ ಬರ್ತೈತಿ."

ಲಿಜ್ಜಿ ಕೈಗಳನ್ನು ಸ್ಟೇರಿಂಗಿನಿಂದ ಕದಲಿಸದೆ ಕಣ್ಣೆತ್ತಿ ಕನ್ನಡಿ ನೋಡಿದರು. ಅವರಿಗೆ ಏನು ಕಂಡಿತೋ ಅವನಿಗೆ ತಿಳಿಯಲಿಲ್ಲ. ಮುಖ ಮಾತ್ರ ಬಿಳಿಚಿಕೊಂಡಿತು.

"ಎಷ್ಟು ಹತ್ತಿರ ಉಂಟು?"

"ಭಾಳ ಹತ್ರ ಐತ್ರಿ."

"ಹಾಗಾದ್ರೆ ಅದು ಅವರಲ್ಲ," ಎಂದರು ಲಿಜ್ಜಿ. "ಅವರು ಯಾರ ಹಿಂದೆಯೂ ಅಷ್ಟು ಹತ್ತಿರ ಓಡಿಸುವವರಲ್ಲ."

ಫ್ರೆಡ್ರಿಕ್ಕರ ಕಾರು ಜಾರಿದ ಮೇಲ್ಸೇತುವೆ ಬಂತು, ಹೋಯಿತು. ಕಾರು ಅಲುಗಲಿಲ್ಲ. ಕ್ಲಿನಿಕ್ಕಿನ ಮುಂದೆ ನಿಲ್ಲಿಸಿ, ಕೀಲಿ ತೆಗೆದುಕೊಂಡು, "ಬಸ್ಸು ಆ ಮೂಲೆಯಲ್ಲಿ ಸಿಗ್ತದೆ," ಎಂದು ಹೇಳಿ ಅವರು ಒಳಗೆ ಹೋದರು. ಅದೇ ಅವರ ಕೊನೆಯ ಭೇಟಿ. 2016ರಲ್ಲಿ ಕೆಲಸ ಬಿಟ್ಟು ಮಂಗಳೂರಿಗೆ ಹೋಗುವವರೆಗೂ ಲಿಜ್ಜಿ ಆ ಕಾರನ್ನೇ ಓಡಿಸಿದರಂತೆ. ಗ್ಯಾರೇಜಿಗೆ ಮತ್ತೆ ಬರಲಿಲ್ಲ.

ಲಿಜ್ಜಿಯವರ ಜೊತೆ ಹೋಗಿಬಂದ ಆ ಮಂಜಿನ ದಿನ ಸಂಜೆ ಅಮರೇಶ ಅಡುಗೆಮನೆಯ ಬಾಗಿಲಲ್ಲಿ ನಿಂತು ನೇತ್ರಾಳಿಗೆ ಎಲ್ಲವನ್ನೂ ಹೇಳಿದ. ರೊಟ್ಟಿ ಬಡಿಯುತ್ತಿದ್ದ ಅವಳ ಕೈ ನಿಂತಿತು. ಒಲೆ ಆರಿಸಿದಳು.

"ಮೂರು ವರ್ಷ ಇದನ್ನ ಒಬ್ರ ಇಟಕೊಂಡಿದ್ರೇನು?" ಎಂದಳು. ಹಿಟ್ಟಿನ ಕೈ ತೊಳೆದುಕೊಂಡು ಬಂದು, "ಶುಕ್ರವಾರ ನನ್ನ ಅಲ್ಲಿಗೆ ಕರಕೊಂಡು ಹೋಗ್ರಿ. ನಾನೂ ಆ ಜಾಗ ನೋಡಬೇಕು," ಎಂದಳು.

ಶುಕ್ರವಾರ ಬಿಸಿಲು ಬಿದ್ದಿತ್ತು. ನೇತ್ರಾ ಮಡಿಲಲ್ಲಿ ಒಂದು ಹಿಡಿ ಸೇವಂತಿಗೆ ಇಟ್ಟುಕೊಂಡು ಕೂತಿದ್ದಳು. ತಿರುವು ಬಂದಾಗ ಅವನು ವೇಗ ಇಳಿಸಿದ. ತಡೆಗೋಡೆಗೆ ಹೊಸದಾಗಿ ಹಳದಿ, ಕಪ್ಪು ಬಣ್ಣ ಬಳಿದಿದ್ದರು. ಹಿಂದೆ ಲಾರಿಗಳು ಹಾರ್ನ್ ಹೊಡೆದವು. ಬದಿಗೆ ತೆಗೆದುಕೊಳ್ಳಲು ಅಲ್ಲಿ ಒಂದು ಗಜವೂ ಇರಲಿಲ್ಲ. ಇನ್ನೊಮ್ಮೆ ಸುತ್ತಿ ಬಂದರು, ಆಗಲೂ ನಿಲ್ಲಲಾಗಲಿಲ್ಲ. ಮೂರನೆಯ ಸಲ ಅವನು ವೇಗ ಇಳಿಸಲಿಲ್ಲ. ನೇತ್ರಾ ಹೂವು ಎಸೆಯಲೆಂದು ಕಿಟಕಿಯ ಗಾಜು ಇಳಿಸಿದಳು, ಗಾಳಿ ರಭಸದಿಂದ ಒಳಗೆ ನುಗ್ಗಿತು, ಅವಳು ಮತ್ತೆ ಗಾಜು ಏರಿಸಿದಳು. ಹೂವುಗಳು ಮಡಿಲಲ್ಲೇ ಉಳಿದವು.