ಎಲೆ ಮಾತ್ರ ಬಿಟ್ಟ ವರ್ಷ

ನಮ್ಮ ಚಿಕ್ಕಮ್ಮನಷ್ಟು ಹಟಮಾರಿ ಹೆಂಗಸನ್ನು ನಾನು ಬೇರೆ ಕಂಡಿಲ್ಲ. ಹಿತ್ತಿಲ ತುಂಬ ಕುಂಡಗಳಲ್ಲಿ ಹೈಡ್ರೇಂಜಿಯಾ ಬೆಳೆಸಿ ಮಾರುತ್ತಿದ್ದಳು. ಆ ಗಿಡಗಳ ಬಗ್ಗೆ ಸಲಹೆ ಕೊಡಲು ಬಂದವರನ್ನು ಬಾಗಿಲಿಂದಲೇ ಸಾಗಹಾಕುತ್ತಿದ್ದಳು. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಅವಳ ಮನೆಯಲ್ಲೇ ಇದ್ದೆ. ಈಗ ನೆನೆದರೆ ನನ್ನ ಬದುಕಿನ ಚೆಂದದ ದಿನಗಳು ಅವೇ.

ಹೈಡ್ರೇಂಜಿಯಾ ಎಂದರೆ ಹೂಕೋಸಿನಷ್ಟು ದಪ್ಪ ಗೊಂಚಲು ಬಿಡುವ ಗಿಡ. ಭಾರೀ ನೀರುಬಾಕ. ಬೆಳಗ್ಗೆ ನೀರು ತಪ್ಪಿದರೆ ಮಧ್ಯಾಹ್ನದೊಳಗೆ ಎಲೆಯೆಲ್ಲ ಜೋತುಬೀಳುತ್ತಿತ್ತು. ಹಾಗಂತ ಕುಂಡದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತಿತ್ತು.

"ಕೊಟ್ರೂ ಕಷ್ಟ, ಬಿಟ್ರೂ ಕಷ್ಟ. ಥೇಟ್ ನಿಮ್ಮ ಚಿಕ್ಕಪ್ಪನೇ," ಎನ್ನುತ್ತ ಚಿಕ್ಕಮ್ಮ ತಳಕ್ಕೆ ಹೆಂಚಿನ ಚೂರು ಹಾಕಿ, ಎಲೆಗೊಬ್ಬರ ಬೆರೆಸಿದ ಮಣ್ಣು ತುಂಬುತ್ತಿದ್ದಳು. ಕುಂಡಗಳನ್ನು ಎಳೆಬಿಸಿಲಿಗೆ ಇಟ್ಟು, ಬಿಸಿಲೇರುತ್ತಲೇ ನೆರಳಿಗೆ ಎಳೆಯುತ್ತಿದ್ದಳು. ನೀಲಿ ಹೂ ಬೇಕೆಂದರೆ ಪಟಿಕದ ನೀರು, ಗುಲಾಬಿ ಬಣ್ಣ ಬೇಕೆಂದರೆ ಚಿಟಿಕೆ ಸುಣ್ಣ. ಒಂದು ವರ್ಷ ಬೆಳೆಸಿದ ಗಿಡ ಮರುವರ್ಷ ಹೂ ತುಂಬಿಕೊಂಡು ಮಾರಾಟಕ್ಕೆ ಹೊರಡುತ್ತಿತ್ತು. ಹೂವಿನಂಗಡಿಯಾಕೆ ಪ್ರತಿ ಬೇಸಿಗೆಯಲ್ಲಿ ವ್ಯಾನ್ ತಂದು, ಕಣ್ಣು ಮುಚ್ಚಿಕೊಂಡು ಅಷ್ಟನ್ನೂ ಒಯ್ಯುತ್ತಿದ್ದಳು. ಆ ನಂಬಿಕೆಯೆಂದರೆ ಚಿಕ್ಕಮ್ಮನಿಗೆ ಎಲ್ಲಿಲ್ಲದ ಹೆಮ್ಮೆ.

ಚಿಕ್ಕಪ್ಪನದು ಕಟಿಂಗ್ ಶಾಪ್. ಕೈ ನಡುಕ ಶುರುವಾಗಿ, ಗಿರಾಕಿಯೊಬ್ಬರ ಕಿವಿಗೆ ಕತ್ತರಿ ತಾಗಿದ ದಿನ ಶಟರ್ ಎಳೆದು ಬಂದವರು ಮತ್ತೆ ತೆಗೆಯಲಿಲ್ಲ. ಊರಿಗೆಲ್ಲ ಸುದ್ದಿ ಹಂಚುತ್ತಿದ್ದ ಮನುಷ್ಯ ಹಿತ್ತಿಲ ಕುರ್ಚಿಯಲ್ಲಿ ಮಂಕಾಗಿ ಕೂತರು.

ಚಳಿ ಶುರುವಾದ ಮೇಲೆ ಒಂದು ದಿನ ನಾನೂ ಚಿಕ್ಕಮ್ಮನೂ ಮಣ್ಣು ತರಲು ಹೋಗಿದ್ದೆವು. ವಾಪಸ್ ಬಂದಾಗ ಚಿಕ್ಕಪ್ಪ ಅಂಗಡಿಯ ಕತ್ತರಿ ಹಿಡಿದು ನಗುತ್ತ ನಿಂತಿದ್ದರು. ಅಷ್ಟೂ ಗಿಡಗಳಿಗೆ ಒಂದೇ ಅಳತೆಯ ಕಟಿಂಗ್ ಆಗಿತ್ತು. ನೆಲದ ತುಂಬ ಕೊಂಬೆಯ ತುದಿಗಳು.

"ಕಾಡು ಬೆಳೆದ ಹಾಗೆ ಬೆಳೆದಿದ್ವು ಕಣೇ. ಈಗ ಹೇಗಿದೆ ನೋಡು. ಕೈ ಒಂಚೂರೂ ನಡುಗಲಿಲ್ಲ."

ಈ ಗಿಡಕ್ಕೆ ಮುಂದಿನ ಬೇಸಿಗೆಯ ಮೊಗ್ಗು ಚಳಿಗೆ ಮುಂಚೆಯೇ ಕೊಂಬೆಯ ತುದಿಯಲ್ಲಿ ಕೂತುಬಿಟ್ಟಿರುತ್ತದೆ. ಗೊತ್ತಿಲ್ಲದವರ ಕಣ್ಣಿಗೆ ಅದು ಬರೀ ಗಿಣ್ಣು. ತುದಿ ಹೋಯಿತೆಂದರೆ ಆ ವರ್ಷದ ಹೂ ಹೋದ ಹಾಗೆಯೇ. ಇವತ್ತು ಚಿಕ್ಕಪ್ಪನ ಗ್ರಹಚಾರ ಬಿಡಿಸುತ್ತಾಳೆ ಎಂದುಕೊಂಡೆ.

"ಚೆನ್ನಾಗಿದೆ ರೀ," ಎಂದಳು ಚಿಕ್ಕಮ್ಮ. ಒಳಗೆ ಹೋಗಿ, ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತಿಕ್ಕತೊಡಗಿದಳು.

"ಹೇಳಬಾರದಿತ್ತಾ ಚಿಕ್ಕಮ್ಮ?" ಎಂದು ಕೇಳಿದೆ.

"ಅವರು ನಕ್ಕು ಎಷ್ಟು ಕಾಲ ಆಗಿತ್ತು. ಹೇಳಿದ್ರೆ ಮತ್ತೆ ಆ ಕುರ್ಚಿ ಹಿಡೀತಾರೆ. ನೀನೂ ಬಾಯಿ ಬಿಡಬೇಡ."

ಬೇಸಿಗೆ ಬಂತು. ಕುಂಡಗಳ ತುಂಬ ದಟ್ಟ ಎಲೆ, ಹೂವಿನ ಸುಳಿವೇ ಇಲ್ಲ. ಈ ವರ್ಷ ಹವಾ ಸರಿಯಿಲ್ಲ ಎಂದು ಚಿಕ್ಕಮ್ಮ ಗಂಡನಿಗೆ ಸಬೂಬು ಹೇಳಿದಳು. ಅದೇ ಸಬೂಬು ಹೂವಿನಂಗಡಿಯಾಕೆಯ ಹತ್ತಿರ ನಡೆಯಲಿಲ್ಲ. ಅವಳು ಒಂದೊಂದೇ ಕುಂಡಕ್ಕೆ ಬಗ್ಗಿ, ಕತ್ತರಿಸಿದ ಗುರುತನ್ನು ಬೆರಳಿಂದ ಸವರಿ ನೋಡಿದಳು.

"ಹವಾ ಅಲ್ಲ ಅಕ್ಕ ಇದು. ಮೊಗ್ಗು ಕೂತಮೇಲೆ ಕತ್ತರಿ ಆಡಿಸಿದ್ದಾರೆ. ಯಾವ ತಲೆಕೆಟ್ಟವನ ಕೆಲಸ?"

ಚಿಕ್ಕಪ್ಪ ಅಲ್ಲೇ ನಿಂತಿದ್ದರು. ಅವರ ಮುಖ ಬಿಳಿಚಿಕೊಂಡಿತು.

"ನಂದೇ," ಎಂದಳು ಚಿಕ್ಕಮ್ಮ. "ವಯಸ್ಸಾಯ್ತಲ್ಲ. ಯಾವ ತಿಂಗಳು ಅನ್ನೋದೇ ಮರೆತುಹೋಯ್ತು."

ಹೂವಿನಂಗಡಿಯಾಕೆ ಅವಳನ್ನೇ ನೋಡಿದಳು. "ಹೀಗಾದ್ರೆ ನಾನು ಬೇರೆ ಕಡೆ ನೋಡ್ಕೋಬೇಕಾಗತ್ತೆ," ಎಂದು ಖಾಲಿ ವ್ಯಾನ್ ಹತ್ತಿ ಹೊರಟುಹೋದಳು. ನೆರೆಯವರ ಸಲಹೆಯನ್ನೂ ಸಹಿಸದವಳು ಆ ಮಾತು ನುಂಗಿಕೊಂಡು ನಿಂತಿದ್ದನ್ನು ಕಂಡು ನನಗೆ ಅಳು ಬಂತು.

ಮರುದಿನ ಬೆಳಗ್ಗೆ ಚಿಕ್ಕಮ್ಮ ನೀರು ಹಾಕುತ್ತಿದ್ದಾಗ ಚಿಕ್ಕಪ್ಪ ಹಿತ್ತಿಲಿಗೆ ಬಂದರು. ಕತ್ತರಿಯ ವಿಷಯದಲ್ಲಿ ಜೀವಮಾನವಿಡೀ ಯಾರ ಮಾತನ್ನೂ ಕೇಳದ ಮನುಷ್ಯ, ಅವಳ ಪಕ್ಕದಲ್ಲಿ ಕಷ್ಟಪಟ್ಟು ಮೊಣಕಾಲೂರಿ ಕೂತರು.

"ಮೊಗ್ಗು ಎಲ್ಲಿ ಕೂರತ್ತೆ, ತೋರಿಸು," ಎಂದರು.

ಚಿಕ್ಕಮ್ಮ ನೀರಿನ ಡಬ್ಬ ಕೆಳಗಿಟ್ಟಳು. ಅವರ ನಡುಗುವ ಬೆರಳು ಹಿಡಿದು ಕೊಂಬೆಯ ತುದಿಗೆ ಮುಟ್ಟಿಸಿದಳು.